ಅಪ್ಪಯ್ಯನ ಡೆಸ್ಕ್‌ಟಾಪ್: ಲಿನಕ್ಸ್‌ನಲ್ಲಿ ಐಕಾನ್ ದೊಡ್ಡದು ಮಾಡಿದ ಕೆಲಸದ ದಾಖಲೆ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ತೋಟದ ಮನೆಯಲ್ಲಿ, ಜಗುಲಿಗೆ ಹೊಂದಿಕೊಂಡ ಕೋಣೆಯ ಮೇಜಿನ ಮೇಲೆ ಅಪ್ಪಯ್ಯನ ಕಂಪ್ಯೂಟರ್ ಇದೆ. ಅಡಿಕೆ ವ್ಯವಹಾರದ ಲೆಕ್ಕ, ಪಹಣಿ ಪ್ರತಿಗಳು, ತೋಟದ ಕೆಲಸದವರ ಸಂಬಳದ ಪಟ್ಟಿ, ಮೊಮ್ಮಕ್ಕಳ ಫೋಟೋ, ಯಕ್ಷಗಾನದ ರೆಕಾರ್ಡಿಂಗು ಎಲ್ಲವೂ ಅದರಲ್ಲಿಯೇ ಇವೆ. ಮೊದಲು ಅದರಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ವಿಂಡೋಸ್ 11 ಹಾಕುವಷ್ಟು ಹೊಸ ಪ್ರೊಸೆಸರ್ ಆ ಯಂತ್ರದಲ್ಲಿ ಇಲ್ಲದ ಕಾರಣ, ನಾನು ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಮಿಂಟ್ 22ರ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿಯನ್ನು ಹಾಕಿಕೊಟ್ಟೆ. ಯಂತ್ರ ಚುರುಕಾಯಿತು. ಆದರೆ ಕೊನೆಕೊಯ್ಲಿನ ಹೊತ್ತಿಗೆ ಮನೆಗೆ ಹೋದಾಗ ಅಪ್ಪಯ್ಯ ಹೇಳಿದ ಮೊದಲ ಮಾತು ಇದು: "ಚಿತ್ರನೂ ಕಾಣ್ತಿಲ್ಲೆ, ಅಕ್ಷರನೂ ಕಾಣ್ತಿಲ್ಲೆ ತಮಾ."

ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದು, ಇನ್ನೊಂದು ಕಣ್ಣಿನದು ಬಾಕಿ ಇರುವ ಮನುಷ್ಯನಿಗೆ ಡೆಸ್ಕ್‌ಟಾಪಿನ ಐಕಾನ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಾನು ಅದನ್ನು ಹಾಕಿಕೊಡುವಾಗಲೇ ಕೇಳಬೇಕಿತ್ತು, ಕೇಳಿರಲಿಲ್ಲ. ಆ ಮಧ್ಯಾಹ್ನ ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲಿಯೇ, ತಪ್ಪಿದ ಜಾಗಗಳನ್ನೂ ಬಿಡದೆ ಇಲ್ಲಿ ಬರೆದಿದ್ದೇನೆ. ಲಿನಕ್ಸ್‌ಗೆ ಹೊಸಬರಾದವರು, ಮನೆಯ ಹಿರಿಯರಿಗೆ ಕಂಪ್ಯೂಟರ್ ಸಿದ್ಧಮಾಡಿಕೊಡುವವರು ಇದನ್ನು ಹಾಗೆಯೇ ಅನುಸರಿಸಬಹುದು.

ಪರದೆಯನ್ನು ನೋಡಿದ ಕೂಡಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅಪ್ಪಯ್ಯನ ಮಾನಿಟರ್ 21.5 ಇಂಚಿನದು, 1920 ಅಡ್ಡ ಮತ್ತು 1080 ಉದ್ದದ ಪಿಕ್ಸೆಲ್‌ಗಳದ್ದು. ಆದರೆ ಅದರ ಮೇಲಿದ್ದ ಚಿತ್ರಗಳು ಅಗಲಕ್ಕೆ ಎಳೆದಂತೆ ಕಾಣುತ್ತಿದ್ದವು. ದುಂಡಗಿರಬೇಕಾದ ಗಡಿಯಾರದ ಚಿಹ್ನೆ ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಕೇಳಿದಾಗ ತಿಳಿದದ್ದು, ನಾನಿಲ್ಲದಾಗ ಪರಿಚಯದವರೊಬ್ಬರು ಬಂದು, ಐಕಾನ್ ದೊಡ್ಡದಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ರೆಸಲ್ಯೂಶನ್ ಅನ್ನು, ಅಂದರೆ ಚಿತ್ರ ಬರೆಯಲು ಬಳಸುವ ಚುಕ್ಕೆಗಳ (ಪಿಕ್ಸೆಲ್‌ಗಳ) ಸಂಖ್ಯೆಯನ್ನು, 1024 ಅಡ್ಡ 768ಕ್ಕೆ ಇಳಿಸಿ ಹೋಗಿದ್ದರು. ಐಕಾನ್‌ಗಳು ದೊಡ್ಡದಾಗಿದ್ದೇನೋ ಹೌದು, ಆದರೆ ಅವುಗಳ ಕೆಳಗಿನ ಕನ್ನಡ ಅಕ್ಷರಗಳು ನೀರು ಬಿದ್ದ ಶಾಯಿಯಂತೆ ಹರಡಿಕೊಂಡಿದ್ದವು.

ಇದು ಏಕೆ ಹಾಗಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದೆಂದೂ ಈ ದಾರಿ ಹಿಡಿಯಲು ಮನಸ್ಸಾಗುವುದಿಲ್ಲ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳು ಅಡಿಕೆ ಮರದ ಸಾಲಿನಂತೆ ನೆಟ್ಟ ಜಾಗದಲ್ಲಿಯೇ ಇರುತ್ತವೆ. ಅವುಗಳ ಸಂಖ್ಯೆಯನ್ನು ಯಾವ ಸೆಟ್ಟಿಂಗೂ ಬದಲಾಯಿಸಲಾರದು. 1024 ಪಿಕ್ಸೆಲ್‌ಗಳ ಚಿತ್ರವನ್ನು 1920 ಪಿಕ್ಸೆಲ್‌ಗಳ ಮೇಲೆ ಹರಡಬೇಕಾದಾಗ ಒಂದೊಂದು ಚುಕ್ಕೆಗೂ 1.875 ಪಿಕ್ಸೆಲ್ ಪಾಲು ಬರುತ್ತದೆ. ಅರೆಬರೆ ಪಿಕ್ಸೆಲ್ ಎಂಬುದು ಇಲ್ಲದ ಕಾರಣ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಹೊಂದಿಸಲಾಗುತ್ತದೆ, ಅದೇ ಮಸುಕಾಗಿ ಕಾಣುತ್ತದೆ. ಎತ್ತರದ ಕಡೆಗೆ ಈ ಪಾಲು ಸುಮಾರು 1.4 ಮಾತ್ರ, ಎರಡೂ ದಿಕ್ಕಿನ ಪಾಲು ಸಮವಿಲ್ಲದ್ದರಿಂದ ದುಂಡಗಿನದು ಮೊಟ್ಟೆಯಾಗುತ್ತದೆ. ಇಂಗ್ಲಿಷಿನ ಬಿಡಿ ಅಕ್ಷರಗಳಾದರೆ ಈ ಮಸುಕನ್ನು ಹೇಗೋ ತಡೆದುಕೊಳ್ಳುತ್ತವೆ. ಒತ್ತು, ಗುಣಿತ, ಅರ್ಕಾವೊತ್ತುಗಳನ್ನು ಹೊತ್ತ ಕನ್ನಡ ಅಕ್ಷರ ತಡೆದುಕೊಳ್ಳುವುದಿಲ್ಲ. ಅಪ್ಪಯ್ಯನ ಪರದೆಯಲ್ಲಿ "ತೋಟದ ಖರ್ಚು" ಎಂಬ ಫೋಲ್ಡರಿನ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಿದ ಒಂದು ಕಪ್ಪು ಚುಕ್ಕೆಯಾಗಿತ್ತು.

ಆದ್ದರಿಂದ ಮೊದಲ ಕೆಲಸ ರೆಸಲ್ಯೂಶನ್ ಅನ್ನು ಸರಿಪಡಿಸುವುದೇ ಆಯಿತು. ಮೆನುವಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಡಿಸ್‌ಪ್ಲೇ ತೆರೆದು 1920 ಅಡ್ಡ 1080 ಆರಿಸಿ ಅಪ್ಲೈ ಒತ್ತಿದೆ. ಹೊಸ ರೆಸಲ್ಯೂಶನ್ ಬಂದ ಕೂಡಲೇ, ಇದನ್ನು ಉಳಿಸಿಕೊಳ್ಳಬೇಕೇ ಎಂದು ಕೇಳುವ ಒಂದು ಸಣ್ಣ ಕಿಟಕಿ ಬರುತ್ತದೆ. 10 ಸೆಕೆಂಡಿನೊಳಗೆ ಒಪ್ಪಿಗೆ ಕೊಡದಿದ್ದರೆ ಹಳೆಯ ಸ್ಥಿತಿಗೆ ತಾನಾಗಿಯೇ ಮರಳುತ್ತದೆ. ಏನೋ ತಪ್ಪಾಗಿ ಪರದೆ ಕಪ್ಪಾದರೂ ಗಾಬರಿಯಾಗದೆ, ಏನನ್ನೂ ಒತ್ತದೆ ಸುಮ್ಮನೆ ಕುಳಿತರೆ ಸಾಕು.

ಇಲ್ಲಿಯೇ ನನ್ನದೂ ಒಂದು ತಪ್ಪು ನಡೆಯಿತು. ರೆಸಲ್ಯೂಶನ್ ಮರಳಿದೊಡನೆ ಐಕಾನ್‌ಗಳ ಜಾಗವೆಲ್ಲ ಬದಲಾಗಿಬಿಟ್ಟಿತು. ಅಪ್ಪಯ್ಯ ಫೋಲ್ಡರುಗಳನ್ನು ಹೆಸರು ಓದಿ ಹುಡುಕುವುದಿಲ್ಲ. ಎಡಗಡೆಯ ಮೇಲಿನಿಂದ ಮೂರನೆಯದು ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ಲೆಕ್ಕ, ಅದರ ಕೆಳಗಿನದು ಕೆಂಪಡಿಕೆ, ಬಲಗಡೆಯ ಮೂಲೆಯಲ್ಲಿರುವುದು ಪಹಣಿ ಎಂದು ಕೈಯೇ ಕಲಿತುಕೊಂಡಿತ್ತು. ಕಣ್ಣು ಮಂಜಾದವರಿಗೆ ಈ ಜಾಗದ ನೆನಪೇ ದೊಡ್ಡ ಆಸರೆ ಎಂಬುದು ನನಗೆ ಆಗ ಹೊಳೆಯಿತು. ಎಕ್ಸ್‌ಎಫ್‌ಸಿಇ ಐಕಾನ್‌ಗಳ ಸ್ಥಾನವನ್ನು ಬಳಕೆದಾರರ ಹೋಮ್ ಫೋಲ್ಡರಿನ ಅಡಗಿದ ಡಾಟ್ ಕಾನ್ಫಿಗ್ ಫೋಲ್ಡರಿನಲ್ಲಿ, ಅದರೊಳಗಿನ ಎಕ್ಸ್‌ಎಫ್‌ಸಿಇ4 ಎಂಬ ಫೋಲ್ಡರಿನ ಡೆಸ್ಕ್‌ಟಾಪ್ ವಿಭಾಗದಲ್ಲಿ ಬರೆದಿಡುತ್ತದೆ. ಪ್ರತಿಯೊಂದು ಐಕಾನಿಗೂ ಎಷ್ಟನೇ ಅಡ್ಡಸಾಲು, ಎಷ್ಟನೇ ಕಂಬಸಾಲು ಎಂಬ ಎರಡು ಅಂಕಿಗಳಿರುತ್ತವೆ. ಕಡತದ ಹೆಸರಿನಲ್ಲಿಯೇ ಪರದೆಯ ಅಗಲ ಎತ್ತರಗಳು ಸೇರಿರುವುದರಿಂದ, ರೆಸಲ್ಯೂಶನ್ ಬದಲಾದರೆ ಓದುವ ಕಡತವೇ ಬೇರೆಯಾಗುತ್ತದೆ. ಹಳೆಯ ಕಡತ ಅಳಿಯುವುದಿಲ್ಲ, ಆದರೆ ಬಳಕೆಯಲ್ಲಿರುವುದಿಲ್ಲ. ನಾನು ಮತ್ತೆ 1024ಕ್ಕೆ ಇಳಿಸಿ, ಹಳೆಯ ಜೋಡಣೆ ಮರಳಿದ ಮೇಲೆ ಮೊಬೈಲಿನಲ್ಲಿ ಪರದೆಯ ಒಂದು ಫೋಟೋ ತೆಗೆದುಕೊಂಡು, ಪುನಃ 1920ಕ್ಕೆ ಹೋದೆ. ಯಾರ ಡೆಸ್ಕ್‌ಟಾಪಿಗಾದರೂ ಕೈ ಹಾಕುವ ಮೊದಲು ಈ ಒಂದು ಫೋಟೋ ತೆಗೆಯಿರಿ. ಕಡತ ನಕಲು ಮಾಡುವುದಕ್ಕಿಂತ ಇದು ಸುಲಭ, ಮುಂದೆ ಜೋಡಿಸುವಾಗ ಕಣ್ಣೆದುರಿಗೂ ಇರುತ್ತದೆ.

ಇನ್ನು ನಿಜವಾದ ಕೆಲಸ. ವಿಂಡೋಸ್‌ನಲ್ಲಿ ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಡೆಸ್ಕ್‌ಟಾಪಿನ ಐಕಾನ್ ದೊಡ್ಡದಾಗುತ್ತಿತ್ತು ಎಂದು ಅಪ್ಪಯ್ಯನಿಗೆ ನೆನಪಿತ್ತು. ಎಕ್ಸ್‌ಎಫ್‌ಸಿಇಯ ಡೆಸ್ಕ್‌ಟಾಪಿನ ಮೇಲೆ ಹಾಗೆ ಮಾಡಿದರೆ ಗಾತ್ರ ಬದಲಾಗುವುದಿಲ್ಲ. ಆದರೆ ಥುನಾರ್ ಎಂಬ ಫೈಲ್ ಮ್ಯಾನೇಜರಿನಲ್ಲಿ ಯಾವುದೇ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಅಲ್ಲಿನ ಐಕಾನ್‌ಗಳು ದೊಡ್ಡದಾಗುತ್ತವೆ, ಮೈನಸ್ ಒತ್ತಿದರೆ ಚಿಕ್ಕದಾಗುತ್ತವೆ. ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ: ಫೋಲ್ಡರಿನೊಳಗೆ ದೊಡ್ಡದಾಯಿತು, ಹೊರಗೆ ಏಕೆ ಆಗಲಿಲ್ಲ? ಕಾರಣ ಸರಳವಾಗಿದೆ. ನಮಗೆ ಒಂದೇ ಎಂದು ಕಾಣುವ ಪರದೆಯನ್ನು ಲಿನಕ್ಸ್‌ನಲ್ಲಿ ಬೇರೆ ಬೇರೆ ಪ್ರೋಗ್ರಾಂಗಳು ಹಂಚಿಕೊಂಡು ಬರೆಯುತ್ತವೆ. ಎಕ್ಸ್‌ಎಫ್‌ಸಿಇಯಲ್ಲಿ ಡೆಸ್ಕ್‌ಟಾಪಿನ ಹಿನ್ನೆಲೆ ಚಿತ್ರವನ್ನೂ ಅದರ ಮೇಲಿನ ಐಕಾನ್‌ಗಳನ್ನೂ ಬರೆಯುವುದು ಎಕ್ಸ್‌ಎಫ್‌ಡೆಸ್ಕ್‌ಟಾಪ್. ಫೋಲ್ಡರಿನ ಕಿಟಕಿ ಥುನಾರ್‌ನದು. ಕೆಳಗಿನ ಪಟ್ಟಿ ಪ್ಯಾನೆಲ್ ಎಂಬ ಮತ್ತೊಂದು ಪ್ರೋಗ್ರಾಂನದು. ಯಾವ ಐಕಾನ್ ಚಿಕ್ಕದಾಗಿ ಕಾಣುತ್ತಿದೆಯೋ ಅದನ್ನು ಬರೆಯುವವರು ಯಾರು ಎಂದು ಮೊದಲು ಗೊತ್ತುಮಾಡಿಕೊಂಡರೆ, ಸೆಟ್ಟಿಂಗ್ ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ಎಷ್ಟೋ ಸಲ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ಅವು ಬೇರೆ ಡೆಸ್ಕ್‌ಟಾಪಿಗಾಗಿ ಬರೆದವಾಗಿರುತ್ತವೆ.

ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್ ತೆರೆದು, ಐಕಾನ್ಸ್ ಎಂಬ ಹಾಳೆಗೆ ಹೋದೆ. ಅಲ್ಲಿ ಐಕಾನ್ ಸೈಜ್ ಎಂಬ ಚೌಕದಲ್ಲಿ 48 ಎಂದಿತ್ತು. ಈ ಅಂಕಿ ಪಿಕ್ಸೆಲ್‌ಗಳ ಲೆಕ್ಕ. ಅಪ್ಪಯ್ಯನ ಮಾನಿಟರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.248 ಮಿಲಿಮೀಟರ್ ಇರುವುದರಿಂದ 48 ಎಂದರೆ ಹೆಚ್ಚೂಕಡಿಮೆ 12 ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. ಅಂಕಿಯನ್ನು ಬದಲಾಯಿಸಿದ ಕೂಡಲೇ ಹಿಂದಿನ ಪರದೆಯಲ್ಲಿ ಐಕಾನ್ ದೊಡ್ಡದಾಗುವುದು ಕಾಣುತ್ತದೆ. ಸೇವ್ ಎಂಬ ಗುಂಡಿಯಾಗಲಿ, ಮತ್ತೆ ಲಾಗಿನ್ ಆಗುವ ಅಗತ್ಯವಾಗಲಿ ಇಲ್ಲ.

ಅಂಕಿಯನ್ನು ನಾನೇ ತೀರ್ಮಾನಿಸುವುದು ಬೇಡವೆನಿಸಿ, ಅಪ್ಪಯ್ಯನನ್ನು ದಿನವೂ ಕುಳಿತುಕೊಳ್ಳುವ ಕುರ್ಚಿಯಲ್ಲಿಯೇ, ದಿನವೂ ಹಾಕಿಕೊಳ್ಳುವ ಕನ್ನಡಕದಲ್ಲಿಯೇ ಕೂರಿಸಿದೆ. ಮೊದಲು 128 ಹಾಕಿ ತೋರಿಸಿದೆ. ಚಿತ್ರ ಕಂಡಿತು, ಆದರೆ ಐಕಾನ್‌ಗಳು ಪರದೆಯ ಮುಕ್ಕಾಲು ಪಾಲನ್ನು ತುಂಬಿಕೊಂಡವು. 96ಕ್ಕೆ ಇಳಿಸಿದೆ. ಗಾತ್ರ ಎರಡು ಪಟ್ಟಾದಾಗ ಒಂದು ಕಂಬಸಾಲಿನಲ್ಲಿ ಹಿಡಿಯುವ ಐಕಾನ್‌ಗಳ ಸಂಖ್ಯೆ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಐಕಾನ್ ಕೂರುವ ಮನೆಯೂ ಅದರೊಂದಿಗೆ ಹಿಗ್ಗುತ್ತದೆ. ಕೆಳಗಿನವು ಪಕ್ಕದ ಸಾಲಿಗೆ ಜರುಗುತ್ತವೆ. ಕೊನೆಗೆ 80 ಹಾಕಿದಾಗ ಅಪ್ಪಯ್ಯ ಮುಂದಕ್ಕೆ ಬಾಗುವುದನ್ನು ಬಿಟ್ಟು ಕುರ್ಚಿಗೆ ಒರಗಿ ಕುಳಿತ. ಶಾಲೆಯ ಅಳತೆಪಟ್ಟಿಯಿಂದ ಅಳೆದೆ, 2 ಸೆಂಟಿಮೀಟರಿಗೆ ಒಂದು ಕೂದಲೆಳೆ ಕಡಿಮೆ. ಹೊರಗೆ ಜಗುಲಿಯಲ್ಲಿ ಸುಲಿದಿಟ್ಟ ಅಡಿಕೆಯಲ್ಲಿ ಚಿಕ್ಕದೊಂದನ್ನು ತಂದು ಅಪ್ಪಯ್ಯ ಪರದೆಗೆ ಹಿಡಿದು ನೋಡಿದ. ಐಕಾನ್ ಅದರ ಹಿಂದೆ ಸರಿಯಾಗಿ ಮರೆಯಾಯಿತು. ಇದಕ್ಕಿಂತ ಒಳ್ಳೆಯ ಅಳತೆ ಆ ಮನೆಯಲ್ಲಿ ಬೇರೊಂದಿರಲಿಲ್ಲ.

ಐಕಾನ್ ದೊಡ್ಡದಾದರೂ ಕೆಳಗಿನ ಹೆಸರು ದೊಡ್ಡದಾಗಲಿಲ್ಲ. ಎಷ್ಟೋ ಜನ ಇಲ್ಲಿಗೆ ಕೆಲಸ ನಿಲ್ಲಿಸುತ್ತಾರೆ, ಆದರೆ ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಟ್ಟವರ ಕಷ್ಟ ಅರ್ಧ ಮಾತ್ರ ತೀರಿರುತ್ತದೆ. ಅದೇ ಹಾಳೆಯಲ್ಲಿ ಯೂಸ್ ಕಸ್ಟಮ್ ಫಾಂಟ್ ಸೈಜ್ ಎಂಬ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿ 14 ಎಂದು ಕೊಟ್ಟೆ. ಪರದೆಯ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) 96 ಇದ್ದಾಗ 10 ಪಾಯಿಂಟಿನ ಅಕ್ಷರಕ್ಕೆ ಸುಮಾರು 13 ಪಿಕ್ಸೆಲ್ ಎತ್ತರ ಸಿಗುತ್ತದೆ. ಕನ್ನಡದಲ್ಲಿ ಮೇಲಿನ ತಲೆಕಟ್ಟು, ನಡುವಿನ ಅಕ್ಷರ, ಕೆಳಗಿನ ಒತ್ತು ಈ ಮೂರೂ ಆ 13 ಪಿಕ್ಸೆಲ್‌ಗಳ ಆಸುಪಾಸಿನಲ್ಲಿ ಇಕ್ಕಟ್ಟಾಗಿ ಕೂರಬೇಕು. 14 ಪಾಯಿಂಟಿಗೆ ಏರಿಸಿದರೆ 18ಕ್ಕಿಂತ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಈಗ "ಖರ್ಚು" ಎಂಬಲ್ಲಿನ ಅರ್ಕಾವೊತ್ತು ಬಿಡಿಸಿಕೊಂಡು ನಿಂತಿತು, "ಕೊಟ್ಟಿಗೆ" ಎಂಬಲ್ಲಿನ ಟವೊತ್ತಿನ ಬಾಲ ಕಂಡಿತು. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಇತ್ತು, ಅದನ್ನೇ ಉಳಿಸಿದೆ. ಗುಬ್ಬಿ, ನವಿಲು ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಸಿಗುತ್ತವೆ, ಅವುಗಳನ್ನು ಇಷ್ಟಪಡುವವರು ಹಾಕಿಕೊಳ್ಳಬಹುದು.

ಉದ್ದ ಹೆಸರುಗಳು ಮಾತ್ರ ಹೊಸ ಗಾತ್ರದಲ್ಲಿ ಮೂರು ಚುಕ್ಕೆಗಳಲ್ಲಿ ಮುಗಿಯತೊಡಗಿದವು. "ಕೃಷಿ ಸಾಲದ ಕಾಗದ ಪತ್ರಗಳು" ಎಂಬುದನ್ನು "ಸಾಲ ಪತ್ರ" ಎಂದೂ, "2024ನೇ ಸಾಲಿನ ಚಾಲಿ ಅಡಿಕೆ ಲೆಕ್ಕ" ಎಂಬುದನ್ನು "ಚಾಲಿ 2024" ಎಂದೂ ಅಪ್ಪಯ್ಯನ ಒಪ್ಪಿಗೆ ಪಡೆದು ಚಿಕ್ಕದು ಮಾಡಿದೆ. ಫೋಲ್ಡರನ್ನು ಆರಿಸಿ ಎಫ್2 ಒತ್ತಿದರೆ ಹೆಸರು ಬದಲಿಸಬಹುದು.

ಅಕ್ಷರ ದೊಡ್ಡದಾದ ಮೇಲೂ ನಡುವಿನ ಎರಡು ಹೆಸರುಗಳು ಓದಲು ಬರಲಿಲ್ಲ. ಕಾರಣ ಹುಡುಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹಿನ್ನೆಲೆಯಲ್ಲಿ ಉಂಚಳ್ಳಿ ಜಲಪಾತದ ಫೋಟೋ ಇತ್ತು; ಅಘನಾಶಿನಿ 116 ಮೀಟರ್ ಧುಮುಕುವ ಆ ಬಿಳಿ ನೊರೆಯ ಮೇಲೆಯೇ ಬಿಳಿ ಅಕ್ಷರದ ಹೆಸರುಗಳು ಬಿದ್ದಿದ್ದವು. ಫೋಟೋ ಅಪ್ಪಯ್ಯನಿಗೆ ಪ್ರಿಯವಾದದ್ದು, ಮನೆಯವರೆಲ್ಲ ಒಟ್ಟಿಗೆ ಹೋದಾಗ ತೆಗೆದದ್ದು. ಆದರೂ ಕೇಳಿದಾಗ ತೆಗೆಯಲು ಒಪ್ಪಿದ. ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ನ ಬ್ಯಾಕ್‌ಗ್ರೌಂಡ್ ಹಾಳೆಯಲ್ಲಿ ಸ್ಟೈಲ್ ಎಂಬಲ್ಲಿ ನನ್ ಆರಿಸಿ, ಕಲರ್ ಎಂಬಲ್ಲಿ ಒಂದೇ ಕಡು ಹಸಿರು ಬಣ್ಣ ಕೊಟ್ಟೆ. ಗಾತ್ರ ಹೆಚ್ಚಿಸುವುದರಿಂದ ಆಗದೆ ಉಳಿದ ಕೆಲಸವನ್ನು ಈ ಒಂದು ಬದಲಾವಣೆ ಮಾಡಿತು. ಫೋಟೋವನ್ನು ಮುದ್ರಿಸಿ ಗೋಡೆಗೆ ಹಾಕಿಕೊಡುವುದಾಗಿ ಮಾತು ಕೊಟ್ಟಿದ್ದೇನೆ.

ಒಂದು ಐಕಾನ್ ಮಾತ್ರ ದೊಡ್ಡದಾದಷ್ಟೂ ಕೆಟ್ಟದಾಗಿ ಕಾಣಿಸಿತು. ಯಕ್ಷಗಾನದ ರೆಕಾರ್ಡಿಂಗ್ ತೆರೆಯುವ ಲಾಂಚರಿಗೆ ನಾನೇ ಹಿಂದೊಮ್ಮೆ ಕಿರೀಟದ ಒಂದು ಪುಟ್ಟ ಪಿಎನ್‌ಜಿ ಚಿತ್ರ ಹಾಕಿಕೊಟ್ಟಿದ್ದೆ, 32 ಪಿಕ್ಸೆಲ್ ಅಗಲದ್ದು. ಅದನ್ನು 80ಕ್ಕೆ ಎಳೆದಾಗ ಕಿರೀಟ ಬಣ್ಣದ ಕಲೆಯಾಯಿತು. ಲಿನಕ್ಸ್‌ನ ಐಕಾನ್ ಥೀಮ್‌ಗಳಲ್ಲಿ ಒಂದೇ ಚಿಹ್ನೆ 16, 24, 32, 48, 256 ಹೀಗೆ ಹಲವು ಗಾತ್ರಗಳಲ್ಲಿ ಇರುತ್ತದೆ, ಇಲ್ಲವೇ ಎಸ್‌ವಿಜಿ ರೂಪದಲ್ಲಿ ಇರುತ್ತದೆ. ಎಸ್‌ವಿಜಿ ಎಂದರೆ ಚುಕ್ಕೆಗಳ ಚಿತ್ರವಲ್ಲ, ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ವಿವರಣೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿರುತ್ತದೆ. ಆದ್ದರಿಂದಲೇ ಉಳಿದ ಐಕಾನ್‌ಗಳು ಕೆಡಲಿಲ್ಲ. ಕಿರೀಟದ ಮೂಲ ಫೋಟೋದಿಂದ 256 ಪಿಕ್ಸೆಲ್‌ನ ಹೊಸ ಚಿತ್ರವನ್ನು ಕತ್ತರಿಸಿ, ಲಾಂಚರಿನ ಮೇಲೆ ಬಲಗುಂಡಿ ಒತ್ತಿ ಎಡಿಟ್ ಲಾಂಚರ್ ಮೂಲಕ ಬದಲಾಯಿಸಿದೆ. ದೊಡ್ಡದನ್ನು ಚಿಕ್ಕದು ಮಾಡಿ ತೋರಿಸುವುದು ಯಂತ್ರಕ್ಕೆ ಸುಲಭ. ಇಲ್ಲದ ವಿವರವನ್ನು ಹುಟ್ಟಿಸುವುದು ಸಾಧ್ಯವಿಲ್ಲ.

ಪ್ಯಾನೆಲ್ಲಿನ ಕೆಲಸ ಬೇಗ ಮುಗಿಯಿತು. ಪ್ಯಾನೆಲ್ ಮೇಲೆ ಬಲಗುಂಡಿ ಒತ್ತಿ ಪ್ಯಾನೆಲ್ ಪ್ರಿಫರೆನ್ಸಸ್‌ಗೆ ಹೋಗಿ ರೋ ಸೈಜ್ ಅನ್ನು 48ಕ್ಕೆ ಏರಿಸಿದೆ, ಗಡಿಯಾರದ ಅಕ್ಷರವನ್ನೂ ಹೆಚ್ಚಿಸಿದೆ. ಮೌಸಿನ ಬಾಣವನ್ನು ಮೌಸ್ ಆಂಡ್ ಟಚ್‌ಪ್ಯಾಡ್ ಸೆಟ್ಟಿಂಗಿನ ಥೀಮ್ ಹಾಳೆಯಲ್ಲಿ 48 ಮಾಡಿದೆ; ಅದು ದೊಡ್ಡದಾಗದೆ ಐಕಾನ್ ಮಾತ್ರ ದೊಡ್ಡದಾಗಿದ್ದರೆ ಉಪಯೋಗವಿರಲಿಲ್ಲ. ಇನ್ನೊಂದು ಸಣ್ಣ ಆಯ್ಕೆ ಐಕಾನ್ಸ್ ಹಾಳೆಯಲ್ಲಿಯೇ ಇದೆ: ಒಂದೇ ಕ್ಲಿಕ್ಕಿಗೆ ತೆರೆಯುವುದು. ಎರಡು ಸಲ ಬೇಗ ಬೇಗ ಒತ್ತುವಾಗ ಅಪ್ಪಯ್ಯನ ಕೈ ಸ್ವಲ್ಪ ಜಾರಿ ಐಕಾನ್ ಪಕ್ಕಕ್ಕೆ ಎಳೆದುಹೋಗುತ್ತಿತ್ತು. ಆ ಆಯ್ಕೆ ಹಾಕಿದ ಮೇಲೆ ಆ ತೊಂದರೆ ನಿಂತಿತು.

ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುವ ದಾರಿಯೂ ಇದೆ, ಅದನ್ನೂ ಪರೀಕ್ಷಿಸಿದೆ. ಅಪಿಯರೆನ್ಸ್ ಸೆಟ್ಟಿಂಗಿನಲ್ಲಿ ವಿಂಡೋ ಸ್ಕೇಲಿಂಗ್ ಅನ್ನು 2 ಪಟ್ಟು ಮಾಡಿದರೆ 1920 ಅಡ್ಡ 1080ರ ಪರದೆ 960 ಅಡ್ಡ 540ರಷ್ಟೇ ಜಾಗ ಉಳಿದಂತಾಗುತ್ತದೆ. ಕೆಲವು ಕಿಟಕಿಗಳ ಕೆಳಗಿನ ಗುಂಡಿಗಳು ಪರದೆಯ ಹೊರಗೆ ಹೋದವು. ಆಲ್ಟ್ ಕೀಲಿ ಹಿಡಿದು ಮೌಸಿನಿಂದ ಕಿಟಕಿಯನ್ನು ಮೇಲಕ್ಕೆ ಎಳೆದು ಆ ಗುಂಡಿ ಮುಟ್ಟಬೇಕಾಯಿತು. ಇದರ ನಾಲ್ಕು ಪಟ್ಟು ಪಿಕ್ಸೆಲ್ ಇರುವ 4ಕೆ ಪರದೆಗೆ ಅದು ಸರಿ, ಈ ಮಾನಿಟರಿಗಲ್ಲ. ಕಿಟಕಿಗಳೊಳಗಿನ ಅಕ್ಷರಕ್ಕಾಗಿ ಫಾಂಟ್ಸ್ ಹಾಳೆಯಲ್ಲಿ ಕಸ್ಟಮ್ ಡಿಪಿಐ ಅನ್ನು 96ರಿಂದ 110ಕ್ಕೆ ಏರಿಸಿದೆ. ಐಕಾನಿನ ಹೆಸರುಗಳೂ ಇದರಿಂದ ಮತ್ತಷ್ಟು ಹಿಗ್ಗಿದ್ದರಿಂದ, 14 ಇದ್ದದ್ದನ್ನು 13ಕ್ಕೆ ಇಳಿಸಬೇಕಾಯಿತು. ನೀವು ಎರಡನ್ನೂ ಮಾಡುವುದಾದರೆ ಡಿಪಿಐ ಅನ್ನು ಮೊದಲು ಮಾಡಿ.

ಎಕ್ಸ್‌ಎಫ್‌ಸಿಇ ಅಲ್ಲದ ಡೆಸ್ಕ್‌ಟಾಪ್ ಇರುವವರಿಗೆ ದಾರಿ ಬೇರೆ. ಮಿಂಟ್‌ನ ಸಿನಮನ್ ಆವೃತ್ತಿಯಲ್ಲಿ ಡೆಸ್ಕ್‌ಟಾಪನ್ನು ಬರೆಯುವುದು ನೆಮೋ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ಕಸ್ಟಮೈಸ್ ಆರಿಸಿದರೆ ಗಾತ್ರವೂ ಐಕಾನ್‌ಗಳ ನಡುವಿನ ಅಂತರವೂ ಅಲ್ಲಿಯೇ ಸಿಗುತ್ತವೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಇದೆ. ಗ್ನೋಮ್‌ನ ಫೈಲ್ ಮ್ಯಾನೇಜರ್ 2018ರ 3.28ನೇ ಆವೃತ್ತಿಯಿಂದ ಡೆಸ್ಕ್‌ಟಾಪ್ ಐಕಾನ್‌ಗಳನ್ನು ಕೈಬಿಟ್ಟಿದ್ದರಿಂದ ಉಬುಂಟು ಒಂದು ಎಕ್ಸ್‌ಟೆನ್ಶನ್ ಮೂಲಕ ಅವುಗಳನ್ನು ತೋರಿಸುತ್ತದೆ. 22.04ರಲ್ಲಿ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ಎಂಬಲ್ಲಿ, 24.04ರಲ್ಲಿ ಉಬುಂಟು ಡೆಸ್ಕ್‌ಟಾಪ್ ಎಂಬಲ್ಲಿ ಅದರ ಗಾತ್ರದ ಆಯ್ಕೆಯಿದೆ. ಅಲ್ಲಿ ಅಂಕಿ ಕೊಡಲು ಬರುವುದಿಲ್ಲ, ಚಿಕ್ಕದು, ಸಾಮಾನ್ಯ, ದೊಡ್ಡದು ಎಂಬಂತಹ ಮೆಟ್ಟಿಲುಗಳು ಮಾತ್ರ. ಕೆಡಿಇ ಪ್ಲಾಸ್ಮಾದಲ್ಲಿ ಬಲಗುಂಡಿ ಒತ್ತಿ ಡೆಸ್ಕ್‌ಟಾಪ್ ಸಂರಚನೆಗೆ ಹೋದರೆ ಐಕಾನ್ಸ್ ವಿಭಾಗದಲ್ಲಿ ಜಾರುಪಟ್ಟಿ ಸಿಗುತ್ತದೆ. ಹಿರಿಯರಿಗಾಗಿ ಆರಿಸುವುದಾದರೆ, ಒಂದೊಂದೇ ಪಿಕ್ಸೆಲ್ ಹೊಂದಿಸಲು ಬಿಡುವ ಎಕ್ಸ್‌ಎಫ್‌ಸಿಇಯೇ ನನಗೆ ಮೇಲೆನಿಸುತ್ತದೆ.

ಕೊನೆಗೆ ಮೊಬೈಲಿನ ಫೋಟೋ ನೋಡಿಕೊಂಡು ಫೋಲ್ಡರುಗಳನ್ನು ಹಳೆಯ ಜಾಗಕ್ಕೆ ಒಂದೊಂದಾಗಿ ಎಳೆದು ತಂದೆ. ಗಾತ್ರವೆಲ್ಲ ನಿಶ್ಚಯವಾದ ಮೇಲೆಯೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಪ್ರತಿ ಬದಲಾವಣೆಗೂ ಜೋಡಣೆ ಕೆಡುತ್ತದೆ. ಅರೇಂಜ್ ಡೆಸ್ಕ್‌ಟಾಪ್ ಐಕಾನ್ಸ್ ಎಂಬ ಆಯ್ಕೆಯನ್ನು ಮುಟ್ಟಬೇಡ ಎಂದು ಅಪ್ಪಯ್ಯನಿಗೆ ತೋರಿಸಿಯೂ ಕೊಟ್ಟೆ. ಅದು ಎಲ್ಲವನ್ನೂ ತನ್ನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿಬಿಡುತ್ತದೆ. ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಯಂತ್ರ ಮತ್ತೆ ಶುರುವಾದಾಗ ಗಾತ್ರವೂ ಜಾಗವೂ ಹಾಗೆಯೇ ಉಳಿದಿದ್ದವು. ಅಪ್ಪಯ್ಯ ಕೂತು, ಎಡಗಡೆಯ ಮೂರನೆಯದನ್ನು ಒಮ್ಮೆ ಒತ್ತಿ, ತೆರೆದುಕೊಂಡ ಚಾಲಿ ಲೆಕ್ಕವನ್ನು ನೋಡಿ "ಈಗ ಕಾಣ್ತು" ಎಂದ.

ಐಕಾನ್ 80, ಹೆಸರು 13, ಡಿಪಿಐ 110, ಪ್ಯಾನೆಲ್ 48, ಬಾಣ 48, ರೆಸಲ್ಯೂಶನ್ 1920 ಅಡ್ಡ 1080 ಎಂದು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಬೆನ್ನಿಗೆ ಅಂಟಿಸಿ ಬಂದಿದ್ದೇನೆ. ಇನ್ನೊಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಈ ಅಂಕಿಗಳನ್ನು ಮತ್ತೆ ಇಳಿಸಬೇಕಾಗಬಹುದು.